ಮ್ಯಾಗಿ ಸಿಗದ ಊರು

ನನ್ನ ಭಾವಮೈದನಿಗೆ ಪ್ರವಾಸದ ವಿಷಯದಲ್ಲಿ ಮಡಿ ಜಾಸ್ತಿ. ಟಿಕೆಟ್ ಕೌಂಟರ್ ಇರುವ ಜಾಗಕ್ಕೆ ಬರುವುದಿಲ್ಲ. ಸೆಲ್ಫಿ ಪಾಯಿಂಟ್ ಕಂಡರೆ ಕಾರಿನಿಂದ ಇಳಿಯುವುದಿಲ್ಲ. ಮ್ಯಾಗಿ ಮಾರುವ ಬೆಟ್ಟಗಳನ್ನಂತೂ ಅವನು ಬೆಟ್ಟವೆಂದೇ ಒಪ್ಪುವುದಿಲ್ಲ. ಈ ಲೆಕ್ಕದಲ್ಲಿ ನಂದಿಬೆಟ್ಟ ಹೋಯಿತು, ಮಡಿಕೇರಿಯ ರಾಜಾಸೀಟು ಹೋಯಿತು, ಕರ್ನಾಟಕದ ಅತಿ ಎತ್ತರದ ಶಿಖರ ಎನ್ನುವ ಮರ್ಯಾದೆಯನ್ನೂ ನೋಡದೆ ಮುಳ್ಳಯ್ಯನಗಿರಿಯನ್ನೂ ಕೈಬಿಟ್ಟ. ಅಲ್ಲಿಗೆ ಒಮ್ಮೆ ಹೋಗಿದ್ದೆವು ಅನ್ನಿ. ಕೈಮರ ಚೆಕ್‌ಪೋಸ್ಟಿನಿಂದಲೇ ಶುರುವಾದ ಕಾರಿನ ಸಾಲಿನಲ್ಲಿ, ಮುಂದಿನ ಕಾರಿನ ಹಿಂಗಾಜಿನ ಮೇಲೆ ಬರೆದಿದ್ದ 'ಅಪ್ಪನ ಆಶೀರ್ವಾದ'ವನ್ನು ನೋಡಿದಷ್ಟು ಹೊತ್ತು ನಾವು ಚಂದ್ರದ್ರೋಣ ಪರ್ವತವನ್ನು ನೋಡಲಿಲ್ಲ.

ಹಾಗಾಗಿ ಗಣರಾಜ್ಯೋತ್ಸವಕ್ಕೆ ಸಾಲು ರಜೆ ಸಿಕ್ಕಿದಾಗ ಅವನು ಮೊದಲೇ ಘೋಷಿಸಿದ. "ಜನ ನೋಡೋಕೆ ಹೋಗೋ ಜಾಗ ಬೇಡ ಭಾವ, ಜನ ಬದುಕೋ ಜಾಗಕ್ಕೆ ಹೋಗೋಣ."

ಜನ ಬೊಮ್ಮನಹಳ್ಳಿಯಲ್ಲೂ ಬದುಕುತ್ತಾರೆ ಎಂದೆ. ಹೆಂಡತಿ ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಅಕ್ಕ-ತಮ್ಮ ಸೇರಿ ಆಗಲೇ ಅಡ್ವಾನ್ಸ್ ಕಟ್ಟಿ ಮುಗಿಸಿದ್ದಾರೆ.

ಊರು ಶಿರಸಿಗೂ ಸಿದ್ದಾಪುರಕ್ಕೂ ನಡುವೆ, ಮುಖ್ಯ ರಸ್ತೆ ಬಿಟ್ಟು ಸಾಕಷ್ಟು ಒಳಗೆ. ಮ್ಯಾಪು ನಮ್ಮನ್ನು ಒಂದು ಹಳ್ಳದ ದಡಕ್ಕೆ ಕರೆದೊಯ್ದು, 'ನೀವು ತಲುಪಿದ್ದೀರಿ' ಎಂದು ಹೇಳಿ ಕೈ ತೊಳೆದುಕೊಂಡಿತು. ಮನೆ ಆಚೆ ದಡದಲ್ಲಿತ್ತು. ನಡುವೆ ಅಡಿಕೆ ಮರದ ದಬ್ಬೆಗಳನ್ನು ಹಾಸಿದ ಒಂದು ಕಾಲುಸಂಕ, ಹಿಡಿದುಕೊಳ್ಳಲು ಒಂದು ಬಿದಿರ ಗಳ. ಭಾವಮೈದನ ಮುಖ ಅರಳಿತು. ಅವನು ಫೋನ್ ಹಿಡಿದು ವಿಡಿಯೊ ಮಾಡುತ್ತಾ ದಾಟಿದ. ನಾನು ಎರಡು ಬ್ಯಾಗು ಹೊತ್ತು, ಗೊತ್ತಿದ್ದ ದೇವರನ್ನೆಲ್ಲ ನೆನೆಯುತ್ತಾ ದಾಟಿದೆ. ಅರ್ಧ ದಾರಿಯಲ್ಲಿ ನನ್ನ ಒಂದು ಚಪ್ಪಲಿ ಹಳ್ಳದ ಪಾಲಾಯಿತು.

ಮನೆಯ ಯಜಮಾನರು ಅಂಗಳದಲ್ಲಿ ನಿಂತು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು. "ಅಲ್ಲ ಮಾರಾಯ್ರೆ, ಈ ಕಡೆಯಿಂದ ಬಂದ್ರಾ? ಹಿಂದಗಡೆ ಟಾರ್ ರಸ್ತೆ ಉಂಟಲ್ಲ. ಹಾಲಿನ ಗಾಡಿ ಮನೆ ಬಾಗಿಲಿಗೇ ಬರ್ತದೆ."

ಆಸರಿಗೆಗೆ ಬೆಲ್ಲ, ನೀರು, ಮಜ್ಜಿಗೆ ಬಂತು. ಅದರ ಬೆನ್ನಿಗೇ ವಿಚಾರಣೆ. ಜೋಗ ನೋಡಿದ್ರಾ? ಇಲ್ಲ. ಯಾಣ? ಇಲ್ಲ. ಬನವಾಸಿ? ಸಹಸ್ರಲಿಂಗ? ಇಲ್ಲ, ಇಲ್ಲ. "ಮತ್ತೆ ಇಲ್ಲಿ ಎಂತ ನೋಡ್ತೀರಿ?" ಎಂದು ಅವರು ಪ್ರಾಮಾಣಿಕವಾಗಿ ಕೇಳಿದರು. ಭಾವಮೈದ ಹಳ್ಳಿಯ ಜೀವನ, ಅಸಲಿ ಅನುಭವ ಎಂದೆಲ್ಲ ವಿವರಿಸಿದ. ಯಜಮಾನರು ತಲೆಯಾಡಿಸಿದರು. ಡಾಕ್ಟರು ರೋಗಿಯ ಮಾತಿಗೆ ಆಡಿಸುತ್ತಾರಲ್ಲ, ಹಾಗೆ.

"ನಮ್ಮ ಮಗ, ಸೊಸೆ ಬೆಂಗಳೂರಲ್ಲೇ ಇರೋದು. ಈ ರಜೆಗೆ ಬನ್ನಿ ಅಂದ್ರೆ ಸೀದಾ ಮುಳ್ಳಯ್ಯನಗಿರಿಗೆ ಹೋದ್ರು. ಇಲ್ಲಿಗೆ ಬಂದ್ರೆ ಅಡಿಕೆ ಸುಲಿಯೋಕೆ ಕೂರಿಸ್ತಾರೆ ಅಂತ ಹೆದರಿಕೆ."

ಭಾವಮೈದ ಹುಡುಕುತ್ತಿದ್ದ ಹಳ್ಳಿ ಅಲ್ಲಿ ಪೂರ್ತಿ ಸಿಗಲಿಲ್ಲ ಎನ್ನಬೇಕು. ಅಡಿಕೆ ಗೊನೆ ಇಳಿಸುವ ಕೊನೆಗೌಡ ಸರಸರನೆ ಮರ ಹತ್ತಿ, ತುದಿಯಲ್ಲಿ ತೂಗಾಡಿ ಪಕ್ಕದ ಮರಕ್ಕೆ ದಾಟುವುದನ್ನು ಚಿತ್ರೀಕರಿಸಲು ಅವನು ಬೆಳಗ್ಗೆಯೇ ತೋಟದಲ್ಲಿ ಹಾಜರಾದ. ಮರ ಹತ್ತುವವರು ಸಿಗದೆ ಎಷ್ಟೋ ಕಾಲವಾಯಿತಂತೆ. ಪ್ಯಾಂಟು, ಕೂಲಿಂಗ್ ಗ್ಲಾಸು ಹಾಕಿದ್ದ ಹುಡುಗನೊಬ್ಬ ಕಾರ್ಬನ್ ಫೈಬರ್ ದೋಟಿಯನ್ನು ಉದ್ದ ಮಾಡುತ್ತಾ ಹೋಗಿ, ನೆಲದ ಮೇಲೆ ನಿಂತೇ ಮೇಲಿನ ಗೊನೆಯನ್ನು ಕೊಯ್ದು ಕೆಡವಿದ. ಕಿವಿಯಲ್ಲಿ ಇಯರ್‌ಫೋನ್ ಬೇರೆ. ಸುಲಿಯುವ ಕೆಲಸಕ್ಕೆ ಮನೆಯ ಹಿಂದೆ ಯಂತ್ರವಿತ್ತು. ಅಡಿಕೆ ಬೇಯಿಸುವ ಹಂಡೆಯ ಪಕ್ಕದಲ್ಲೇ ವೈಫೈ ಪೂರ್ತಿ ಸಿಗುತ್ತಿತ್ತು, ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸಿಗುವುದಕ್ಕಿಂತ ಚೆನ್ನಾಗಿ.

ಇದರ ಮೇಲೆ ತಿಂಡಿಯ ಆಘಾತ. ತೆಳ್ಳೇವು ಎಂಬ ತೆಳು ದೋಸೆ, ಜೋನಿಬೆಲ್ಲ ಎಂದು ಬಾಯಲ್ಲಿ ನೀರೂರಿಸಿಕೊಂಡು ಕುಳಿತವರ ಮುಂದೆ ಅಜ್ಜಿ ಮೂರು ಬಟ್ಟಲು ತಂದಿಟ್ಟರು. ಹಬೆಯಾಡುವ ಮ್ಯಾಗಿ. "ಪೇಟೆಯವ್ರಿಗೆ ಇದೇ ಸೇರ್ತದೆ ಅಂತ ಮೊಮ್ಮಗಳು ಹೇಳಿದ್ಲು. ನಿಮಗಾಗೇ ಶಿರಸಿಯಿಂದ ತರಿಸಿದ್ದು." ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ನಾನು, ಹೆಂಡತಿ ಖುಷಿಯಾಗಿಯೇ ತಿಂದೆವು. ಒಳಗೆ ಅಡುಗೆಮನೆಯಲ್ಲಿ ಮನೆಯವರು ತೆಳ್ಳೇವು ತಿನ್ನುತ್ತಿದ್ದ ಘಮ ಬರುತ್ತಿತ್ತು. ಭಾವಮೈದ ಒಂದೊಂದೇ ಎಳೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಅಡುಗೆಮನೆಗೇ ನುಗ್ಗಿ ತಪ್ಪು ತಿಳಿವಳಿಕೆ ಸರಿಪಡಿಸಿದ್ದಳು. ಊಟಕ್ಕೆ ತಂಬುಳಿ, ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಅಪ್ಪೆಹುಳಿ. ಇಂಗು, ಒಣಮೆಣಸಿನ ಒಗ್ಗರಣೆಯ ಆ ನೀರನ್ನು ಲೋಟಗಟ್ಟಲೆ ಕುಡಿದೆ. ಅದನ್ನು ಕುಡಿದರೆ ನಿದ್ದೆ ಒತ್ತರಿಸಿಕೊಂಡು ಬರುತ್ತದೆ ಎಂಬುದು ಆ ಸೀಮೆಗೆಲ್ಲ ಗೊತ್ತಿರುವ ಸಂಗತಿ, ನನಗೆ ಯಾರೂ ಹೇಳಿರಲಿಲ್ಲ. ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ದೀಪವನ್ನು ನಿಜವಾಗಿಯೂ ಹಚ್ಚಿದ್ದರು, ಏಕೆಂದರೆ ಕರೆಂಟು ಹೋಗಿತ್ತು.

ಕರೆಂಟು ಹೋದ ಮೇಲೆ ಯಂತ್ರವೂ ನಿಂತಿತು. ಬೆಳಗ್ಗೆ ಕೊಯ್ದ ಹಸಿರಡಿಕೆ ಅಂಗಳದಲ್ಲಿ ಗುಡ್ಡೆ ಬಿದ್ದಿದೆ. ಕೆಂಪಡಿಕೆ ಮಾಡುವವರು ಹಸಿಯಾಗಿರುವಾಗಲೇ ಸುಲಿದು ಬೇಯಿಸಿಬಿಡಬೇಕು, ತಡವಾದರೆ ಬಣ್ಣ ಕೂರುವುದಿಲ್ಲ. ಯಜಮಾನರು ಅಟ್ಟ ಹತ್ತಿ ಹಳೆಯ ಮೆಟ್ಟುಗತ್ತಿಗಳನ್ನು ಇಳಿಸಿದರು. ಪಕ್ಕದ ಮನೆಯ ಇಬ್ಬರು ಹೆಂಗಸರು ತಮ್ಮದನ್ನು ತಾವೇ ಹಿಡಿದು ಬಂದರು. ಭಾವಮೈದನ ಕಣ್ಣಲ್ಲಿ ಆ ಬೆಳಕನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ. "ನಾವೂ ಕೂರ್ತೀವಿ" ಎಂದ. ನನ್ನನ್ನು ಕೇಳಲಿಲ್ಲ.

ಮಣೆಯ ಮೇಲೆ ಕುಳಿತು, ಮೇಲ್ಮುಖವಾಗಿ ನಿಂತ ಅಲಗಿಗೆ ಅಡಿಕೆಯನ್ನು ಒತ್ತಿ, ಸಿಪ್ಪೆಯನ್ನಷ್ಟೇ ಸೀಳಿ, ಒಳಗಿನ ಬೇಳೆಗೆ ಗಾಯವಾಗದಂತೆ ಬಿಡಿಸಬೇಕು. ಅಜ್ಜಿಯ ಕೈ ನಮ್ಮ ಕಡೆ ನೋಡುತ್ತಲೇ ಟಪಟಪನೆ ಸುಲಿದು ಬುಟ್ಟಿ ತುಂಬಿಸುತ್ತಿತ್ತು. ನಾನು ಒಂದನ್ನು ಬಿಡಿಸುವಷ್ಟರಲ್ಲಿ ಅವರು ಸೊಸೆಯ ತವರಿನ ಕಥೆಯೊಂದನ್ನು ಮುಗಿಸಿದ್ದರು. ಶಿರಸಿ ಸುಪಾರಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ರಾತ್ರಿ ನನ್ನ ಕೈಗೆ ಸಿಕ್ಕವುಗಳಲ್ಲಿ ಕೆಲವು ಅರ್ಧವಾದವು, ಕೆಲವು ಮುಕ್ಕಾದವು, ಒಂದು ಹಾರಿ ಹೋಗಿ ನಾಯಿಗೆ ಬಡಿಯಿತು.

ಸುಲಿಯುವಾಗ ಹಾಡು, ಕಥೆ, ಒಗಟು ಇರುತ್ತದೆಂದು ಭಾವಮೈದ ರೆಕಾರ್ಡಿಂಗ್ ಚಾಲೂ ಇಟ್ಟಿದ್ದ. ಇದ್ದ ಮಾತುಗಳು ಇವು: ಶಿರಸಿ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಯ ಧಾರಣೆ ಎಷ್ಟು, ಧಾರಾವಾಹಿಯ ಅತ್ತೆಗೆ ಬುದ್ಧಿ ಬಂತೇ, ಬೆಂಗಳೂರಿನಲ್ಲಿ ಯಾರ ಮಗ ಎಷ್ಟಕ್ಕೆ ಟೂ ಬಿಎಚ್‌ಕೆ ತೆಗೆದುಕೊಂಡ. ಕೊನೆಯದಕ್ಕೆ ನಮ್ಮಿಂದಲೂ ಮಾಹಿತಿ ಕೇಳಲಾಯಿತು. ವೈಟ್‌ಫೀಲ್ಡ್ ಕಡೆಯ ನೀರಿನ ತೊಂದರೆಯ ಬಗ್ಗೆ ನಾನು ಮಾತಾಡಿದ್ದು ಆ ರೆಕಾರ್ಡಿಂಗಿನ ದೊಡ್ಡ ಭಾಗ.

ಚೊಗರು ಅಂಟಿ ಕಪ್ಪಾದ ಬೆರಳುಗಳನ್ನು ಬಚ್ಚಲೊಲೆಯ ಬಿಸಿನೀರಿನಲ್ಲಿ ತೊಳೆದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಹೋಗಲಿಲ್ಲ. ಆಫೀಸಿನ ಬಯೋಮೆಟ್ರಿಕ್ ಯಂತ್ರ ಆ ವಾರವೆಲ್ಲ ನನ್ನನ್ನು ಗುರುತಿಸಲು ಒಪ್ಪಲಿಲ್ಲ. ಎಚ್ಆರ್ ಹುಡುಗಿಗೆ ಕಾರಣ ಬರೆದುಕೊಟ್ಟೆ. 'ಅಡಿಕೆ' ಎಂದು ಓದಿ, ಗುಟ್ಕಾ ಬಿಡುವುದು ಹೇಗೆ ಎಂಬ ಒಂದು ಕರಪತ್ರವನ್ನು ಮೇಲ್ ಮಾಡಿದಳು.

ಹೊರಡುವ ಬೆಳಗ್ಗೆ ಯಜಮಾನರು ಬಿಲ್ಲು ಕೊಟ್ಟರು. ವಾಸ್ತವ್ಯ, ಊಟ ಎಲ್ಲ ಸರಿಯಾಗಿತ್ತು. ಕೆಳಗೊಂದು ಸಾಲು: 'ಅಡಿಕೆ ಸುಲಿಯುವ ಅನುಭವ, ತಲಾ 300 ರೂಪಾಯಿ.' ಅವರೇ ನಾಚಿಕೊಂಡರು. "ಮಗ ಅಲ್ಲಿಂದಲೇ ಕಂಪ್ಯೂಟರಲ್ಲಿ ಮಾಡಿ ಕಳಿಸೋದು. ನಿನ್ನೆ ಫೋನಲ್ಲಿ ಸುಮ್ನೆ ಹೇಳಿದ್ದೆ, ನೀವು ಸುಲಿದ್ರಿ ಅಂತ."

ಸುಲಿಯಲು ಹೆದರಿ ಮುಳ್ಳಯ್ಯನಗಿರಿಗೆ ಓಡಿದ ಅದೇ ಮಗ!

ಕಂಬಕ್ಕೊರಗಿ ಕವಳ ಹಾಕುತ್ತಿದ್ದ ಅಜ್ಜಿಗೆ ವಿಷಯ ತಿಳಿದು ಸಿಟ್ಟೇ ಬಂತು. "ಎಂತದು? ಸುಲಿದವ್ರಿಗೆ ನಾವು ಕೂಲಿ ಕೊಡೋದಾ, ಅವ್ರು ನಮಗೆ ಕೊಡೋದಾ? ಹೊಡೆದುಹಾಕು ಅದನ್ನ." ನಾನು ಮನಸ್ಸಿನಲ್ಲೇ ಅಜ್ಜಿಗೆ ಅಡ್ಡಬಿದ್ದೆ. ಯಜಮಾನರು ಪೆನ್ನು ತೆಗೆದರು.

ಆಗ ಅಜ್ಜಿಗೆ ಏನೋ ನೆನಪಾಗಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಬುಟ್ಟಿ. ಕತ್ತಿ ತಾಗಿ ಮುಕ್ಕಾದವು, ಅರ್ಧವಾದವು, ಎಲ್ಲವನ್ನೂ ಹೆಕ್ಕಿ ಬೇರೆ ಇಟ್ಟಿದ್ದರು. ಬುಟ್ಟಿಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಯಜಮಾನರ ಕಡೆ ತಿರುಗಿದರು.

"ಇರಲಿ ಬಿಡು. 300 ಸಾಕಾಗ್ತದಾ ನೋಡು."