ಆಜೀವ ಕಲಿಕೆಗೆ ಮೂರಕ್ಕೆ ಎರಡೂಕಾಲು

ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಯೋಚಿಸುವುದನ್ನೇ ಬಿಟ್ಟಿದ್ದಾರೆಂದು ದೂರುವವರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಇತ್ತೀಚಿನ ಪ್ರಶ್ನೆಪತ್ರಿಕೆಯೊಂದರ ಬಲ ಅಂಚನ್ನು ಒಮ್ಮೆ ನೋಡಬೇಕು. ಅಲ್ಲಿ ಪ್ರತಿ ಪ್ರಶ್ನೆಯ ಎದುರಿಗೂ ಎಂ, ಎಲ್, ಸಿ ಎಂಬ ಮೂರು ಕಂಬಸಾಲುಗಳಿರುತ್ತವೆ. ಎಂ ಎಂದರೆ ಮಾರ್ಕ್ಸ್, ಸಿ ಎಂದರೆ ಕೋರ್ಸ್ ಔಟ್‌ಕಮ್, ಅಂದರೆ ಆ ವಿಷಯವನ್ನು ಓದಿ ಮುಗಿಸಿದವರಿಗೆ ಬಂದಿರಬೇಕಾದ ಸಾಮರ್ಥ್ಯ. ನಡುವಿನ ಎಲ್ ಎಂಬುದೇ ಬ್ಲೂಮ್ಸ್ ಲೆವೆಲ್. ಎಲ್1 ಎಂದು ಅಚ್ಚಾಗಿದ್ದರೆ ವಿದ್ಯಾರ್ಥಿ ನೆನಪಿಸಿಕೊಂಡರೆ ಸಾಕು. ಎಲ್2 ಆದರೆ ಅರ್ಥ ಮಾಡಿಕೊಂಡಿರಬೇಕು. ಎಲ್3ಕ್ಕೆ ಅನ್ವಯಿಸಬೇಕು, ಎಲ್4ಕ್ಕೆ ವಿಶ್ಲೇಷಿಸಬೇಕು, ಎಲ್5ಕ್ಕೆ ಬೆಲೆಗಟ್ಟಬೇಕು, ಎಲ್6 ತಲುಪಿದರೆ ಇರದಿದ್ದುದನ್ನು ಸೃಷ್ಟಿಸಬೇಕು. ಎಷ್ಟು ಅಂಕಕ್ಕೆ ಎಷ್ಟು ಆಳದವರೆಗೆ ಇಳಿದು ಚಿಂತಿಸಬೇಕೆಂಬುದನ್ನು ಮೊದಲೇ ಅಚ್ಚು ಹಾಕಿಸಿ ಕೈಗಿಡುವ ಇಂಥ ಅನುಕೂಲ ನಮ್ಮ ಋಷಿಮುನಿಗಳಿಗೂ ಇರಲಿಲ್ಲ. ಪಾಪ, ಅವರು ತೋಚಿದಷ್ಟು ಆಳಕ್ಕೆ ಇಳಿದು ಮೇಲೆ ಬರಲಾಗದೆ ಒದ್ದಾಡಿದರು.

ಈ ಆರು ಮೆಟ್ಟಿಲುಗಳ ಮೂಲಪುರುಷ ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್. ಬೇರೆ ಬೇರೆ ವಿಶ್ವವಿದ್ಯಾಲಯಗಳ ಪರೀಕ್ಷಕರು ತಮ್ಮ ಪ್ರಶ್ನೆಗಳನ್ನು ಪರಸ್ಪರ ಹಂಚಿಕೊಂಡು ದುಡಿಮೆ ಉಳಿಸಿಕೊಳ್ಳಲಿ ಎಂಬ ಸಜ್ಜನಿಕೆಯ ಉದ್ದೇಶದಿಂದ ಅವರೂ ಅವರ ಸಂಗಡಿಗರೂ 1956ರಲ್ಲಿ ಈ ವರ್ಗೀಕರಣವನ್ನು ಪ್ರಕಟಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಿದವರು ನಾಮಪದಗಳಾಗಿದ್ದ ಮೆಟ್ಟಿಲುಗಳನ್ನು ಕ್ರಿಯಾಪದಗಳನ್ನಾಗಿ ಮಾಡಿ, ತುದಿಯ ಎರಡನ್ನು ಅದಲುಬದಲು ಮಾಡಿದರು. ಅತಿ ಹೆಚ್ಚು ಮಂದಿ ಉಲ್ಲೇಖಿಸಿ ಅತಿ ಕಡಿಮೆ ಮಂದಿ ಓದಿದ ಪುಸ್ತಕಗಳಲ್ಲಿ ತಮ್ಮದೂ ಒಂದು ಎಂಬ ಅರ್ಥದ ಮಾತನ್ನು ಬ್ಲೂಮ್ ಅವರೇ ಹೇಳಿದ್ದರು. ಅವರು ನಮ್ಮ ದೇಶಕ್ಕೂ ಬಂದಿದ್ದರು. ಉರು ಹೊಡೆದು ಒಪ್ಪಿಸುವ ಪರೀಕ್ಷೆಗಳನ್ನು ಸುಧಾರಿಸುವುದು ಹೇಗೆಂದು 1957ರ ಹೊತ್ತಿಗೆ ಇಲ್ಲಿನ ಶಿಕ್ಷಕರಿಗೆ ಕಾರ್ಯಾಗಾರಗಳನ್ನು ನಡೆಸಿಕೊಟ್ಟರು, ಮರುವರ್ಷವೇ ಕೇಂದ್ರ ಪರೀಕ್ಷಾ ಘಟಕವೊಂದು ಹುಟ್ಟಿಕೊಂಡಿತು. ಅತಿಥಿಯ ಮಾತನ್ನು ನಾವು ನಡೆಸಿಕೊಡಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಓಮ್‌ನ ನಿಯಮದ ಜೊತೆಗೆ ಈಗ ಬ್ಲೂಮ್‌ನ ಕ್ರಿಯಾಪದಗಳನ್ನೂ ಉರು ಹೊಡೆಯುತ್ತಿದ್ದೇವೆ.

ಉರು ಹೊಡೆಯುವವರು ವಿದ್ಯಾರ್ಥಿಗಳಲ್ಲ, ಮೇಷ್ಟ್ರುಗಳು. 2014ರ ಜೂನ್ 13ರಂದು ಭಾರತ, ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ಮಾನ್ಯತಾ ಮಂಡಳಿಯಾದ ಎನ್‌ಬಿಎಯ ಮುದ್ರೆ ಬಿದ್ದ ಪದವಿಗೆ ಹೊರದೇಶಗಳಲ್ಲಿ ಮನ್ನಣೆಯ ದಾರಿ ತೆರೆಯಿತು. ಅದು ಒಳ್ಳೆಯದೇ. ಆದರೆ ಮುದ್ರೆ ಬೀಳಬೇಕಾದರೆ ಕಾಲೇಜು ಏನು ಕಲಿಸಿತು ಎಂಬುದಕ್ಕಿಂತ ವಿದ್ಯಾರ್ಥಿ ಏನು ಕಲಿತ ಎಂಬುದನ್ನು ತೋರಿಸಬೇಕು, ತೋರಿಸುವುದೆಂದರೆ ಬರೆದಿಡುವುದು, ಬರೆದಿಡಲು ತಕ್ಕ ಇಂಗ್ಲಿಷು ಬೇಕು. ಹೀಗೆ ಕಾಂಕ್ರೀಟಿನ ಬಲವನ್ನೋ ಟ್ರಾನ್ಸ್‌ಫಾರ್ಮರಿನ ನಷ್ಟವನ್ನೋ ಕಲಿಸುತ್ತಿದ್ದ ಬಡಪಾಯಿ ಅಧ್ಯಾಪಕರು ವರ್ಷಕ್ಕೊಮ್ಮೆ ಸೆಮಿನಾರ್ ಹಾಲಿನಲ್ಲಿ ಕುಳಿತು, ಡಿಫೈನ್ ಕೆಳಗಿನ ಮೆಟ್ಟಿಲು, ಇಲಸ್ಟ್ರೇಟ್ ಅದಕ್ಕಿಂತ ಮೇಲು, ಡಿಫರೆನ್ಷಿಯೇಟ್ ಇನ್ನೂ ಮೇಲು, ಜಸ್ಟಿಫೈ ಬಹಳ ಮೇಲು, ಫಾರ್ಮ್ಯುಲೇಟ್ ಶಿಖರ ಎಂದು ಮಗ್ಗಿಯಂತೆ ಒಪ್ಪಿಸುವ ಕಾಲ ಬಂತು.

ಈ ಕಾರ್ಯಾಗಾರಗಳ ಒಂದು ಉಪದೇಶವನ್ನು ವಿಶೇಷವಾಗಿ ಗಮನಿಸಬೇಕು. ಕೋರ್ಸ್ ಔಟ್‌ಕಮ್ ಬರೆಯುವಾಗ ಅಂಡರ್‌ಸ್ಟ್ಯಾಂಡ್ ಎಂಬ ಪದವನ್ನು ಬಳಸಕೂಡದೆಂದು ಸಂಪನ್ಮೂಲ ವ್ಯಕ್ತಿಗಳು ಸಾಮಾನ್ಯವಾಗಿ ಎಚ್ಚರಿಸುತ್ತಾರೆ. ನೋ, ಲರ್ನ್, ಅಪ್ರಿಷಿಯೇಟ್ ಎಂಬವುಗಳಿಗೂ ಅಲ್ಲಿ ಬಹಿಷ್ಕಾರವಿದೆ. ಕಾರಣ, ಇವನ್ನು ಅಳೆಯಲಾಗುವುದಿಲ್ಲ. ಅಂಡರ್‌ಸ್ಟ್ಯಾಂಡ್ ಎಂಬುದು ಪರಿಷ್ಕೃತ ಬ್ಲೂಮ್ ಪಟ್ಟಿಯ ಎರಡನೆಯ ಮೆಟ್ಟಿಲಿನ ಹೆಸರೇ ಅಲ್ಲವೇ ಎಂದು ಹಿಂದಿನ ಸಾಲಿನಲ್ಲಿ ಕುಳಿತ ಯಾರಾದರೂ ಕೇಳಿದರೆ, ಮೆಟ್ಟಿಲಿನ ಮೇಲೆ ನಿಲ್ಲಬಹುದು, ಅದರ ಹೆಸರನ್ನು ಮಾತ್ರ ಬರೆಯಬಾರದು ಎಂಬ ಉತ್ತರ ಬರುತ್ತದೆ. ಗಂಡನ ಹೆಸರು ಹೇಳದ ಹಳೆಯ ಕಾಲದ ಗೃಹಿಣಿಯರ ಸಂಪ್ರದಾಯವನ್ನು ತಾಂತ್ರಿಕ ಶಿಕ್ಷಣವಾದರೂ ಉಳಿಸಿಕೊಂಡಿದೆಯೆಂದು ನಾವು ಸಮಾಧಾನಪಡಬಹುದು. ಅಂತೂ ನಾಲ್ಕು ವರ್ಷದ ಪದವಿಯಲ್ಲಿ ವಿದ್ಯಾರ್ಥಿಯು ಡೆಮಾನ್‌ಸ್ಟ್ರೇಟ್ ಮಾಡಬಹುದು, ಇಂಟರ್‌ಪ್ರೆಟ್ ಮಾಡಬಹುದು, ಕ್ರಿಟಿಕಲಿ ಎವ್ಯಾಲ್ಯುಯೇಟ್ ಮಾಡಬಹುದು. ತಿಳಿದುಕೊಳ್ಳುವುದಕ್ಕೂ ಕಲಿಯುವುದಕ್ಕೂ ಮಾತ್ರ ದಾಖಲೆಯಲ್ಲಿ ಎಡೆಯಿಲ್ಲ.

ಪದಗಳಿಗೆ ಇಷ್ಟು ಶಕ್ತಿಯಿದೆಯೆಂದು ಗೊತ್ತಾದ ಮೇಲೆ ಪ್ರಶ್ನೆಪತ್ರಿಕೆಯ ಮಟ್ಟವನ್ನು ಏರಿಸುವುದು ಕಷ್ಟದ ಕೆಲಸವಾಗಿ ಉಳಿಯಲಿಲ್ಲ. ಥೆವೆನಿನ್ ಪ್ರಮೇಯವನ್ನು ನಿರೂಪಿಸಿ ಎಂದು ತಲೆಮಾರುಗಳಿಂದ ಕೇಳುತ್ತಿದ್ದ ಪ್ರಶ್ನೆ ಎಲ್1ರದ್ದು. ಪತ್ರಿಕೆಯಲ್ಲಿ ಕೆಳಗಿನ ಮೆಟ್ಟಿಲಿನ ಪ್ರಶ್ನೆಗಳೇ ಹೆಚ್ಚಾದವು ಎಂಬ ಆಕ್ಷೇಪ ಬಂದರೆ ಸ್ಟೇಟ್ ಎಂಬುದನ್ನು ಹೊಡೆದುಹಾಕಿ ಅನಲೈಜ್ ಎಂದು ಬರೆದರಾಯಿತು. ಪ್ರಶ್ನೆ ಎಲ್4ಕ್ಕೆ ಬಡ್ತಿ ಪಡೆಯುತ್ತದೆ, ವಿಭಾಗದ ಮುಖ್ಯಸ್ಥರ ಮುಖ ಅರಳುತ್ತದೆ, ಸ್ಕೀಮ್ ಆಫ್ ಇವ್ಯಾಲ್ಯುಯೇಷನ್ ಮಾತ್ರ ಇದ್ದಲ್ಲೇ ಇರುತ್ತದೆ: ನಿರೂಪಣೆಗೆ ಎರಡು ಅಂಕ, ಚಿತ್ರಕ್ಕೆ ಎರಡು, ಹಂತಗಳಿಗೆ ನಾಲ್ಕು. ವಿದ್ಯಾರ್ಥಿಯಂತೂ ಈ ಬಡ್ತಿಯನ್ನು ಗಮನಿಸುವುದೇ ಇಲ್ಲ. ಅವನ ಕಣ್ಣು ಕ್ರಿಯಾಪದವನ್ನು ಹಾರಿ ನೇರವಾಗಿ ಥೆವೆನಿನ್ ಮೇಲೆ ಇಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಾಸಿಂಗ್ ಪ್ಯಾಕೇಜಿನ ಪಿಡಿಎಫ್‌ನಲ್ಲಿ ಮಾಡ್ಯೂಲಿಗೆ ಮೂರರಂತೆ ಇಂಪಾರ್ಟೆಂಟ್ ಪ್ರಶ್ನೆಗಳಿದ್ದವು, ಅದರಲ್ಲಿ ಥೆವೆನಿನ್ ಇದ್ದ, ಕೈ ಬರೆಯತೊಡಗುತ್ತದೆ. ವಿಶ್ಲೇಷಿಸಿ ಎಂದವರಿಗೂ ಬೆಲೆಗಟ್ಟಿ ಎಂದವರಿಗೂ ಅವನು ಒಂದೇ ಉತ್ತರವನ್ನು ಪಕ್ಷಪಾತವಿಲ್ಲದೆ ಬಡಿಸುತ್ತಾನೆ. ಇಡೀ ವ್ಯವಸ್ಥೆಯಲ್ಲಿ ಎಲ್5ರ ಮಟ್ಟದ ವಿವೇಚನೆ ಯಾರಿಗಾದರೂ ಇದ್ದರೆ ಅದು ಐದು ಮಾಡ್ಯೂಲುಗಳಲ್ಲಿ ಯಾವುದನ್ನು ಬಿಟ್ಟರೂ ಪಾಸಾಗಬಹುದೆಂದು ನಿಖರವಾಗಿ ಬೆಲೆಗಟ್ಟಿದ ಆ ಪಿಡಿಎಫ್‌ನ ಅಜ್ಞಾತ ಕರ್ತೃವಿಗೆ ಎನ್ನಬೇಕು.

ಇನ್ನು ಲೆಕ್ಕಾಚಾರದ ಭಾಗ. ಪ್ರತಿ ಕೋರ್ಸಿನ ಔಟ್‌ಕಮ್‌ಗಳನ್ನು ಪದವಿಯ ಒಟ್ಟು ಗುರಿಗಳಿಗೆ ಜೋಡಿಸುವ ಒಂದು ಕೋಷ್ಟಕವಿದೆ. ಗಾಢ ಸಂಬಂಧಕ್ಕೆ 3, ಸಾಧಾರಣಕ್ಕೆ 2, ತೆಳುವಾದುದಕ್ಕೆ 1, ಸಂಬಂಧವೇ ಇಲ್ಲದಿದ್ದರೆ ಒಂದು ಅಡ್ಡಗೆರೆ. ಅಡ್ಡಗೆರೆಗಳು ಹೆಚ್ಚಾದರೆ ಕೋಷ್ಟಕ ಬೋಳಾಗಿ ಕಾಣುವುದರಿಂದ ಇಂಜಿನಿಯರಿಂಗ್ ಡ್ರಾಯಿಂಗಿಗೂ ಪರಿಸರ ಕಾಳಜಿಗೂ ನಡುವೆ ಕನಿಷ್ಠ ಒಂದಂಕದ ನಂಟನ್ನು ಹುಡುಕುವ ಕರುಣೆ ಎಲ್ಲ ಕಾಲೇಜುಗಳಲ್ಲೂ ಇದೆ. ಎನ್‌ಬಿಎ ಬಹುಕಾಲ ಇಟ್ಟುಕೊಂಡಿದ್ದ ಹನ್ನೆರಡು ಗುರಿಗಳಲ್ಲಿ ಕೊನೆಯದು ಲೈಫ್‌ಲಾಂಗ್ ಲರ್ನಿಂಗ್, ಅಂದರೆ ಬದುಕಿನುದ್ದಕ್ಕೂ ಕಲಿಯುತ್ತಲೇ ಇರುವ ಸಾಮರ್ಥ್ಯ. ಇಪ್ಪತ್ತೆರಡರ ಹರೆಯದ ಹುಡುಗಿಯೊಬ್ಬಳು ತನ್ನ ಜೀವಮಾನವಿಡೀ ಕಲಿಯುತ್ತಾಳೋ ಇಲ್ಲವೋ ಎಂಬುದನ್ನು ಕುಂಡಲಿ ಬರೆಯುವ ಜೋಯಿಸರು ಕೂಡ ಗುರುಬಲ ನೋಡಿ ಹೇಳಿಯಾರು. ನಮ್ಮ ಎಕ್ಸೆಲ್ ಹಾಳೆ ಅದನ್ನು ಎರಡನೆಯ ಇಂಟರ್ನಲ್ಸಿನ ಮೂರನೆಯ ಪ್ರಶ್ನೆಗೆ ಬಿದ್ದ ಅಂಕದಿಂದ ಗುಣಿಸಿ ಭಾಗಿಸಿ ದಶಮಾಂಶದ ಸಮೇತ ಹೇಳಿಬಿಡುತ್ತದೆ. ತರಗತಿಯ ಇಷ್ಟು ಶೇಕಡಾ ಮಂದಿ ಗೊತ್ತುಮಾಡಿದ ಅಂಕ ದಾಟಿದರೆ ಸಾಧನೆಯ ಲೆವೆಲ್ 3, ಅದಕ್ಕಿಂತ ಕಡಿಮೆ ಮಂದಿ ದಾಟಿದರೆ ಲೆವೆಲ್ 2. ಆ ಗೆರೆಯನ್ನು ಎಳೆಯುವವರು ಕಾಲೇಜಿನವರೇ ಆದ್ದರಿಂದ ಫಲಿತಾಂಶ ಅಷ್ಟೇನೂ ಆಘಾತಕಾರಿಯಾಗಿರುವುದಿಲ್ಲ. ಪೂರ್ತಿ ಮೂರು ಬಂದರೆ ತಪಾಸಣೆಗೆ ಬರುವ ಎನ್‌ಬಿಎ ತಜ್ಞರ ತಂಡಕ್ಕೆ ಸಂಶಯ ಬರುತ್ತದೆ, ಒಂದೂವರೆ ಬಂದರೆ ಪ್ರಾಂಶುಪಾಲರಿಗೆ ಕೋಪ ಬರುತ್ತದೆ. ಹಾಗಾಗಿ ಆಜೀವ ಕಲಿಕೆ ಎರಡೂಕಾಲರ ಆಸುಪಾಸಿನಲ್ಲಿ ನಿಲ್ಲುವುದು ಎಲ್ಲರಿಗೂ ಕ್ಷೇಮ.

ಈ ಕೋಷ್ಟಕಗಳನ್ನು ತುಂಬುವವರನ್ನು ಹಂಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಕೆಟ್ಟುನಿಂತ ಸರ್ಕ್ಯೂಟನ್ನು ಲ್ಯಾಬಿನ ಮೇಜಿನ ಮೇಲಿಟ್ಟು, ದೋಷ ಎಲ್ಲಿದೆಯೆಂದು ಹೇಳದೆ ಮಕ್ಕಳ ಕೈಗೆ ಮಲ್ಟಿಮೀಟರ್ ಕೊಟ್ಟು ಸುಮ್ಮನೆ ನಿಲ್ಲುವ ಅಧ್ಯಾಪಕರು ಇಂದಿಗೂ ಇದ್ದಾರೆ, ಬ್ಲೂಮ್ ಬಯಸಿದ್ದೂ ಬಹುಶಃ ಅದನ್ನೇ. ಆದರೆ ಆ ಮಧ್ಯಾಹ್ನ ನಡೆದುದನ್ನು ಬರೆಯಲು ಕೋರ್ಸ್ ಫೈಲಿನಲ್ಲಿ ಪುಟವಿಲ್ಲ. ಸುಮ್ಮನೆ ನಿಲ್ಲುವುದಕ್ಕೆ ಕ್ರಿಯಾಪದಗಳ ಪಟ್ಟಿಯಲ್ಲಿ ಪದವೂ ಇಲ್ಲ. ಅದೇ ಅಧ್ಯಾಪಕರು ಸಂಜೆಯ ಹೊತ್ತು ಎಕ್ಸೆಲ್ ತೆರೆದು, ಕಳೆದ ಮೂರು ವರ್ಷಗಳ ತಂಡಗಳು ಎಷ್ಟೆಷ್ಟು ಆಲೋಚಿಸಿದ್ದವೆಂಬುದನ್ನು ತಪಾಸಣೆಯ ಮುನ್ನ ಭರ್ತಿ ಮಾಡಬೇಕು.

ಸೆಮಿಸ್ಟರಿನ ಕೊನೆಗೆ ವಿದ್ಯಾರ್ಥಿಗಳಿಂದಲೂ ಒಂದು ಸಮೀಕ್ಷೆ ತುಂಬಿಸಿಕೊಳ್ಳಲಾಗುತ್ತದೆ. ನೀವು ವಿಶ್ಲೇಷಣಾ ಸಾಮರ್ಥ್ಯವನ್ನು ಎಷ್ಟರಮಟ್ಟಿಗೆ ಗಳಿಸಿದಿರಿ ಎಂಬ ಪ್ರಶ್ನೆಗೆ ಇಡೀ ತರಗತಿ ಒಂದೇ ಗಳಿಗೆಯಲ್ಲಿ 3 ಎಂದು ಗುರುತು ಮಾಡಿ ಮುಗಿಸುತ್ತದೆ. ಫಾರ್ಮ್ ತುಂಬದೆ ಹಾಲ್ ಟಿಕೆಟ್ ಸಿಗದು ಎಂಬ ವದಂತಿಯನ್ನು ವಿಶ್ಲೇಷಿಸಿದ ನಂತರ ಅವರು ಬಂದ ತೀರ್ಮಾನ ಅದು, ಮತ್ತು ಅದನ್ನು ತಪ್ಪೆನ್ನಲಾಗದು. ಇಷ್ಟಾಗಿಯೂ ಗುರಿ ಎರಡೂವರೆ ಇದ್ದು ಸಾಧನೆ ಎರಡೂಕಾಲರಲ್ಲಿ ನಿಂತರೆ ವಿಭಾಗದ ಸಭೆ ಕೂಡಲೇ ಸೇರಿ, ಕೊರತೆ ಬಿದ್ದ ಕಾಲಂಶದ ಆಜೀವ ಕಲಿಕೆಯನ್ನು ತುಂಬಿಸಲು ಮುಂದಿನ ಸೆಮಿಸ್ಟರಿನಲ್ಲಿ ಒಂದೂವರೆ ಗಂಟೆಯ ಅತಿಥಿ ಉಪನ್ಯಾಸ ಏರ್ಪಡಿಸುವುದೆಂದು ನಿರ್ಣಯಿಸುತ್ತದೆ. ಹಾಜರಾತಿಯ ಹಾಳೆಗೆ ಎಲ್ಲರ ಸಹಿ ಇರಬೇಕು, ಜಿಯೋಟ್ಯಾಗ್ ಇರುವ ಎರಡು ಫೋಟೊಗಳು ಬೇಕು, ಮತ್ತು ಫೋಟೊದಲ್ಲಿ ಬ್ಯಾನರಿನ ಅಕ್ಷರಗಳು ಸ್ಪಷ್ಟವಾಗಿ ಕಾಣುವಂತಿರಬೇಕು. ಉಪನ್ಯಾಸಕರು ಅಡ್ಡ ಬಂದರೆ ಸ್ವಲ್ಪ ಪಕ್ಕಕ್ಕೆ ನಿಲ್ಲಲು ಕೇಳಿಕೊಳ್ಳತಕ್ಕದ್ದು.