ಉಧಳಪಟ್ಟಿ, ದುಂದು, ಕಿರಕೋಳ

ಪುಣೆಯಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಎರಡು ಪಟ್ಟಿಗಳ ಪರಿಚಯ ಬೇಗ ಆಗುತ್ತದೆ. ಒಂದು ಘರಪಟ್ಟಿ, ಅಂದರೆ ಮನೆ ಕಂದಾಯ. ಇನ್ನೊಂದು ಪಾಣೀಪಟ್ಟಿ, ನೀರಿನ ಕರ. ಮೂರನೆಯದು ಉಧಳಪಟ್ಟಿ. ಇದರ ಬಿಲ್ಲು ಯಾರೂ ಕಳಿಸುವುದಿಲ್ಲ. ನಮ್ಮ ಮೇಲೆ ನಾವೇ ಹೇರಿಕೊಂಡು, ನಾವೇ ಕಟ್ಟಿ, ರಸೀದಿಯನ್ನೂ ಕೇಳದೆ ಸುಮ್ಮನಿರುವ ಪಟ್ಟಿ ಇದು. ಕನ್ನಡದಲ್ಲಿ ದುಂದುವೆಚ್ಚ ಅನ್ನುತ್ತೇವಲ್ಲ, ಅದೇ.

ಮರಾಠಿಯಲ್ಲಿ ‘ಉಧಳಣೆ’ ಎಂದರೆ ಎರಚುವುದು, ತೂರುವುದು. ಗಣಪತಿ ಕಳಿಸುವ ದಿನ ಲಕ್ಷ್ಮೀ ರಸ್ತೆಯಲ್ಲಿ ಗುಲಾಲು ಉಧಳುತ್ತಾರೆ. ಮದುವೆ ಮೆರವಣಿಗೆಯಲ್ಲಿ ಹೂವು ಉಧಳುತ್ತಾರೆ. ಹಗ್ಗ ಹರಿದುಕೊಂಡು ಎತ್ತು ಓಡಿದರೂ ‘ಬೈಲ್ ಉಧಳಲಾ’ ಅನ್ನುತ್ತಾರೆ. ಈ ಕೊನೆಯ ಬಳಕೆ ನನಗೆ ಬಹಳ ಇಷ್ಟ. ತಿಂಗಳ ಮೊದಲ ವಾರದಲ್ಲಿ ಸಂಬಳ ಓಡುವ ರೀತಿ ನೋಡಿದರೆ, ಅದನ್ನು ಯಾರೂ ಖರ್ಚು ಮಾಡಿದಂತೆ ಕಾಣುವುದಿಲ್ಲ. ಅದೇ ಬೆದರಿ ಓಡಿದ ಹಾಗಿರುತ್ತದೆ.

ಆದರೆ ಉಧಳುವುದನ್ನು ಕಣ್ಣಾರೆ ನೋಡಬೇಕೆಂದರೆ ಜೇಜುರಿಗೆ ಹೋಗಬೇಕು. ಪುಣೆಯಿಂದ ಸುಮಾರು 50 ಕಿಲೋಮೀಟರು. ಗುಡ್ಡದ ಮೇಲೆ ಖಂಡೋಬ. ಸೋಮವತಿ ಅಮಾವಾಸ್ಯೆಯ ದಿನ ಜನ ಹಿಡಿ ಹಿಡಿಯಾಗಿ ಭಂಡಾರ, ಅಂದರೆ ಅರಿಶಿನದ ಪುಡಿ, ಆಕಾಶಕ್ಕೆ ತೂರುತ್ತಾರೆ. ಮೆಟ್ಟಿಲು, ಗೋಡೆ, ತಲೆಕೂದಲು, ಮಕ್ಕಳ ಕಿವಿ ಎಲ್ಲವೂ ಹಳದಿ. ‘ಸೋನ್ಯಾಚಿ ಜೇಜುರಿ’, ಚಿನ್ನದ ಜೇಜುರಿ ಎಂದು ಸುಮ್ನೆ ಕರೆಯುವುದಿಲ್ಲ. ಜನ ಕೂಗುವ ‘ಯೇಳಕೋಟ್ ಯೇಳಕೋಟ್ ಜಯ ಮಲ್ಹಾರ್’ ಕೇಳಿದರೆ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. ಇದು ನಮ್ಮ ಮೈಲಾರದ ‘ಏಳು ಕೋಟಿ’ಯೇ ಅಲ್ವಾ? ಮೈಲಾರಲಿಂಗ, ಖಂಡೋಬ, ಮಲ್ಹಾರಿ ಎಲ್ಲ ಒಬ್ಬನೇ ದೇವರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲೂ ಭಂಡಾರ ಇಲ್ಲದೆ ಜಾತ್ರೆ ಇಲ್ಲ.

ಅಲ್ಲಿ ಗಾಳಿಗೆ ಹೋದ ಅರಿಶಿನದಿಂದ ಎಷ್ಟೋ ಮನೆಗಳ ಸಾರು ಹಳದಿಯಾಗುತ್ತಿತ್ತು ಎಂದು ಲೆಕ್ಕ ಹಾಕುವವರು ಇದ್ದೇ ಇರುತ್ತಾರೆ. ನಾನು ಅವರ ಪಕ್ಷ ಅಲ್ಲ. ಮರಾಠಿಯ ಜಾಣತನ ನೋಡಿ. ಭಂಡಾರ ತೂರುವುದಕ್ಕೂ ದುಡ್ಡು ತೂರುವುದಕ್ಕೂ ಅದು ಒಂದೇ ಕ್ರಿಯಾಪದ ಇಟ್ಟುಕೊಂಡಿದೆ. ‘ಉಧಳಣ’ ಎಂದರೆ ಹಬ್ಬ, ‘ಉಧಳಪಟ್ಟಿ’ ಎಂದರೆ ಬೈಗುಳ. ಎರಡರಲ್ಲೂ ಕೈಯ ವರಸೆ ಒಂದೇ.

ನಮ್ಮ ದುಂದಿಗೆ ಈ ಹಬ್ಬದ ಮುಖವೇ ಇಲ್ಲ. ಅದು ಹುಟ್ಟಿದ್ದೇ ಬೈಯುವುದಕ್ಕೆ. ದುಂದುಗಾರ ಎಂದು ಯಾರೂ ಯಾರನ್ನೂ ಹೊಗಳಿದ್ದಿಲ್ಲ. ಹೆಂಗಸರ ಸೀರೆ ಖರ್ಚಿನ ಬಗ್ಗೆ ಇಷ್ಟೆಲ್ಲ ಹಾಸ್ಯ ಮಾಡುವ ಗಂಡಸರು ‘ದುಂದುಗಾತಿ’ ಎಂಬ ಮಾತನ್ನು ಬಳಸಿದ್ದನ್ನು ಮಾತ್ರ ನಾನು ಕೇಳಿಲ್ಲ. ಬಿರುದು ಗಂಡಸರ ಹತ್ತಿರವೇ ಉಳಿದಿದೆ. ಪುಣೆಯಲ್ಲಿದ್ದು ಇದ್ದು, ದುಂದಿಗೂ ಮರಾಠಿಯ ‘ಧುಂದ’ಕ್ಕೂ ಗಂಟು ಹಾಕಬೇಕು ಅಂತ ನನಗೆ ಆಸೆ. ಧುಂದ ಎಂದರೆ ಮತ್ತು, ಅಮಲು, ಕಣ್ಣು ಮಂಜಾಗುವುದು. ಮಾಲಿನಲ್ಲಿ ‘ಒಂದಕ್ಕೆ ಒಂದು ಫ್ರೀ’ ಬೋರ್ಡಿನ ಕೆಳಗೆ ನಿಂತವರ ಕಣ್ಣು ನೋಡಿದರೆ ನಂಟು ಇದೆ ಅನಿಸುತ್ತದೆ. ಇದು ಕಿವಿ ಮಾಡಿಸಿದ ಮದುವೆ. ಪಂಡಿತರ ಮುಂದೆ ಜಾತಕ ಹಿಡಿದು ಹೋಗುವ ಧೈರ್ಯ ನನಗಿಲ್ಲ.

ವೆಚ್ಚದ ಮನೆತನ ಗಟ್ಟಿ. ಅದು ಸಂಸ್ಕೃತದ ‘ವ್ಯಯ’ದ ಕಡೆಯದು. ವ್ಯಯ ಎಂದರೆ ಕರಗಿ ಹೋಗುವುದು. ಕರಗದ್ದು, ಬದಲಾಗದ್ದು ಅವ್ಯಯ. ವಿಷ್ಣುವಿನ ಸಾವಿರ ಹೆಸರುಗಳಲ್ಲಿ ಅದೂ ಒಂದು. ಶಾಲೆಯ ವ್ಯಾಕರಣದಲ್ಲಿ ನಮ್ಮನ್ನು ಕಾಡಿದ ಅವ್ಯಯವೂ ಅದೇ. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಜಗ್ಗದೆ ಇದ್ದ ಹಾಗೇ ಇರುವ ಪದ. ಸಂಸಾರಸ್ಥರ ಪರ್ಸಿಗೆ ಆ ಗುಣ ಬರಲಿಲ್ಲ. ಅರವತ್ತು ಸಂವತ್ಸರಗಳಲ್ಲಿ ಇಪ್ಪತ್ತನೆಯದರ ಹೆಸರೂ ವ್ಯಯ. 2006ರ ಯುಗಾದಿಗೆ ಬಂದಿತ್ತು. ಇಡೀ ವರ್ಷಕ್ಕೇ ಖರ್ಚು ಎಂದು ಹೆಸರಿಟ್ಟ ಹಿರಿಯರಿಗೆ ಮನೆ ನಡೆಸಿದ ಅನುಭವ ಚೆನ್ನಾಗಿಯೇ ಇದ್ದಿರಬೇಕು.

ಜಾತಕದಲ್ಲಿ ಹನ್ನೊಂದನೆಯ ಮನೆ ಲಾಭ, ಹನ್ನೆರಡನೆಯದು ವ್ಯಯ. ಎರಡೂ ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ಯುಗಾದಿ ದಿನ ಪಂಚಾಂಗ ಓದುವಾಗ ಎಲ್ಲರೂ ಕಾಯುವುದು ಆಯ-ವ್ಯಯಕ್ಕೆ. ಸದಾಶಿವ ಪೇಟೆಯಲ್ಲಿರುವ ನಮ್ಮ ಸೋದರತ್ತೆ ಧಾರವಾಡದ ಪಂಚಾಂಗ ತರಿಸುತ್ತಾರೆ. ಆಯ ಐದು, ವ್ಯಯ ಹದಿನಾಲ್ಕು ಎಂದು ಬಂದರೆ ನನ್ನ ಕಡೆ ತಿರುಗಿ, “ನೋಡೋ ತಮ್ಮಾ, ನಿನ್ನ ದುಂದು ಪಂಚಾಂಗದವ್ರಿಗೂ ಗೊತ್ತಾಗೇತಿ” ಅನ್ನುತ್ತಾರೆ. ಅದು ನನ್ನ ರಾಶಿಯಲ್ಲಿರುವ ಲಕ್ಷಾಂತರ ಜನರದ್ದೂ ಹೌದು ಎಂಬ ನನ್ನ ವಾದ ಅವರ ಮುಂದೆ ನಡೆಯುವುದಿಲ್ಲ.

‘ಖರ್ಚು’ ಮಾತ್ರ ದೂರದ ಊರಿನದು. ಅರಬ್ಬಿಯಲ್ಲಿ ಇದರ ಮೂಲದ ಅರ್ಥ ಹೊರಗೆ ಹೋಗುವುದು. ಪಾರಸಿಯ ಮೂಲಕ ನಮ್ಮ ಅಂಗಡಿಗಳಿಗೆ ಬಂತು. ‘ಜಮಾ’ ಕೂಡಿದ್ದು, ‘ಖರ್ಚು’ ಹೊರಟದ್ದು. ಹಿಂದಿಯವರು ಮುಂದೆ ‘ಫಿಜೂಲ್’ ಸೇರಿಸುತ್ತಾರೆ. ಅದೂ ಅರಬ್ಬಿಯ ಮಾತೇ, ಬೇಕಾದ್ದಕ್ಕಿಂತ ಜಾಸ್ತಿ ಎಂದು ಅರ್ಥ. ದುಡ್ಡು ‘ಉಡಾಯಿಸಿದ’ ಅಂದಾಗ ಅದಕ್ಕೆ ರೆಕ್ಕೆಯೂ ಬರುತ್ತದೆ, ಹಿಂದಿಯ ‘ಉಡಾನಾ’ ಹಾರಿಸುವುದು ತಾನೆ. ಯಾವ ಭಾಷೆಗೆ ಹೋದರೂ ದುಡ್ಡು ಒಂದೋ ಹಾರುತ್ತದೆ, ಇಲ್ಲ ಹೊರಡುತ್ತದೆ, ಇಲ್ಲ ಕರಗುತ್ತದೆ. ಒಂದು ಕಡೆ ಕೂತ ಉದಾಹರಣೆ ಇಲ್ಲ.

ಕೈ ಬಿಗಿ ಹಿಡಿಯುವುದಕ್ಕೆ ಹೆಸರಾದ ಈ ಪುಣೆಯಲ್ಲೇ ಒಂದು ಕಾಲದಲ್ಲಿ ದೊಡ್ಡ ಉಧಳಪಟ್ಟಿ ನಡೆಯುತ್ತಿತ್ತು. ಪೇಶ್ವೆಗಳು ಶ್ರಾವಣ ಮಾಸದಲ್ಲಿ ಬ್ರಾಹ್ಮಣರಿಗೆ ದಕ್ಷಿಣೆ ಹಂಚುತ್ತಿದ್ದರು. ದೂರದೂರದಿಂದ ಸಾವಿರಾರು ಜನ ಬರುತ್ತಿದ್ದರು. ಪರ್ವತಿ ಗುಡ್ಡದ ಬುಡದಲ್ಲಿ ಇದಕ್ಕೆಂದೇ ‘ರಮಣಾ’ ಎಂಬ ಆವರಣ ಇತ್ತು. 1818ರಲ್ಲಿ ಪೇಶ್ವೆ ರಾಜ್ಯ ಮುಗಿಯಿತು. ಮುಂಬಯಿಯ ಬ್ರಿಟಿಷ್ ಗವರ್ನರ್ ಎಲ್ಫಿನ್‌ಸ್ಟನ್ ಆ ದಕ್ಷಿಣೆ ಹಣದ ಒಂದು ಪಾಲಿನಲ್ಲಿ 1821ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ತೆರೆದ. ಮುಂದೆ ಡೆಕ್ಕನ್ ಕಾಲೇಜು ಆದದ್ದು ಅದೇ. ದಕ್ಷಿಣೆ ಪಡೆದವರು ಅದನ್ನು ದಾನ ಅಂದರು. ಗುಂಪಿನ ಹೊರಗೆ ನಿಂತವರು ಏನು ಅಂದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ದುಂದೋ ದಾನವೋ ಎಂಬುದು ಪಂಕ್ತಿಯಲ್ಲಿ ನಮಗೆ ಎಲೆ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ.

ಈಗಿನ ಮದುವೆಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಕ್ಕಿ ಪೋಲಾಗುತ್ತದೆ ಎಂದು ಅಕ್ಷತೆಗೆ ಬದಲು ಗುಲಾಬಿ ಎಸಳು ಕೊಡುತ್ತಾರೆ. ಬಹಳ ಒಳ್ಳೆಯದು. ಆ ಎಸಳು ತೂರಿ ಈಚೆ ಬಂದರೆ ದೋಸೆಗೊಂದು ಕೌಂಟರು, ಚಾಟಿಗೊಂದು ಕೌಂಟರು, ಪಾಸ್ತಾಕ್ಕೊಂದು ಕೌಂಟರು. ಹಿಡಿ ಅಕ್ಕಿ ಉಳಿಯಿತು ಎಂಬ ಸಮಾಧಾನದಲ್ಲಿ ಎಲ್ಲರೂ ಮೂರೂ ಕಡೆ ಸಾಲು ನಿಲ್ಲುತ್ತಾರೆ. ಸೋದರತ್ತೆ ಪಾಸ್ತಾದ ಎದುರು ನಿಂತು “ಎಷ್ಟ್ ದುಂದು ಮಾಡ್ಯಾರ ನೋಡು” ಅಂದರು, ಮತ್ತೆ ತಟ್ಟೆ ಚಾಚಿದರು.

ಅವರದೊಂದು ಜಮಾ-ಖರ್ಚಿನ ಪುಸ್ತಕ ಇದೆ. ಕಿರಾಣಿ, ಹಾಲು, ಔಷಧ, ಲೈಟ್ ಬಿಲ್ಲು ಎಂದು ಅಚ್ಚುಕಟ್ಟಾಗಿ ಗೆರೆ ಎಳೆದು ಬರೆಯುತ್ತಾರೆ. ಅದರಲ್ಲಿ ದುಂದು ಎಂಬ ಕಲಮು ಎಲ್ಲೂ ಇಲ್ಲ. ಇರುವುದು ‘ಕಿರಕೋಳ’. ಚಿಲ್ಲರೆ ಖರ್ಚು ಅನ್ನುವುದಕ್ಕೆ ಮರಾಠಿಯಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಅದೇ ಮಾತು. ಹೋದ ತಿಂಗಳು ಕಿರಕೋಳ ಕಿರಾಣಿಯನ್ನು ಮೀರಿಸಿತ್ತು. ಅದೇನು ಅಂತ ಕೇಳಿದೆ. “ಎರಡ ಸೀರಿ ತಗೊಂಡೆ, ಸೇಲ್ ಇತ್ತು” ಅಂದು ಪುಸ್ತಕ ಮುಚ್ಚಿದರು.