ಸ್ಪಷ್ಟನೆ: ಜನರಿಕ್ ಮಾತ್ರೆ ಮತ್ತು ‘80–125’ರ ಲೆಕ್ಕ

ಜನರಿಕ್ ಮಾತ್ರೆಯಲ್ಲಿ, ಅಂದರೆ ಮೂಲ ಕಂಪನಿಯ ಔಷಧವನ್ನೇ ಬೇರೆ ಕಂಪನಿ ತಯಾರಿಸಿದ ಮಾತ್ರೆಯಲ್ಲಿ, ಔಷಧ ಶೇ 20ರಷ್ಟು ಕಡಿಮೆಯಿದ್ದರೂ ಕಾನೂನು ಒಪ್ಪುತ್ತದೆ ಎಂಬ ಸಂದೇಶ ಜಯನಗರದ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಮಾತ್ರೆಯೊಳಗಿನ ಪ್ರಮಾಣಕ್ಕೆ ಫಾರ್ಮಕೋಪಿಯಾ (ಔಷಧಗಳ ಗುಣಮಟ್ಟ ನಿಗದಿಪಡಿಸುವ ಅಧಿಕೃತ ಗ್ರಂಥ) ಬೇರೆಯದೇ ಬಿಗಿಯಾದ ಮಿತಿ ವಿಧಿಸುತ್ತದೆ. ಸಂದೇಶದಲ್ಲಿರುವ 80–125 ಎಂಬ ಅಂಕಿ ಜೈವಿಕ ಸಮಾನತೆಯ ಪರೀಕ್ಷೆಗೆ, ಅಂದರೆ ಎರಡೂ ಮಾತ್ರೆಗಳಿಂದ ರಕ್ತಕ್ಕೆ ಸೇರುವ ಔಷಧ ಒಂದೇ ತೆರನಾಗಿದೆಯೇ ಎಂದು ನೋಡುವ ಪರೀಕ್ಷೆಗೆ ಸೇರಿದ್ದು.

ಆ ಪರೀಕ್ಷೆಯಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಮೂಲ ಕಂಪನಿಯ ಮಾತ್ರೆಯನ್ನೂ, ಅದು ದೇಹದಿಂದ ಹೊರಹೋಗುವಷ್ಟು ದಿನ ಬಿಟ್ಟು ಜನರಿಕ್ ಮಾತ್ರೆಯನ್ನೂ ಕೊಟ್ಟು, ಕೈಯ ರಕ್ತನಾಳಕ್ಕೆ ಹಾಕಿಟ್ಟ ಕ್ಯಾನುಲಾದಿಂದ (ಸಣ್ಣ ಕೊಳವೆ) ನಿಗದಿತ ಹೊತ್ತಿಗೊಮ್ಮೆ ಕೆಲವೇ ಮಿಲಿಲೀಟರ್ ರಕ್ತ ತೆಗೆದು, ಅದರ ಪ್ಲಾಸ್ಮಾದಲ್ಲಿರುವ (ರಕ್ತಕಣಗಳನ್ನು ಬಿಟ್ಟ ದ್ರವಭಾಗ) ಔಷಧವನ್ನು ಹೆಚ್ಚಾಗಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಸೂಕ್ಷ್ಮ ಅಳತೆ ಯಂತ್ರದಿಂದ ನ್ಯಾನೋಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಗರಿಷ್ಠ ಮಟ್ಟ, ಒಟ್ಟು ಹೀರಿಕೆ ಎರಡರಲ್ಲೂ ಮೂಲ ಮಾತ್ರೆಗೆ ಹೋಲಿಸಿದ ಜನರಿಕ್‌ನ ಅನುಪಾತದ ಸರಾಸರಿ ಮಾತ್ರವಲ್ಲ, ಅದರ ಶೇ 90 ವಿಶ್ವಾಸಾಂತರದ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಎರಡೂ ತುದಿಗಳು ಶೇ 80ರಿಂದ 125ರ ಮಿತಿಯೊಳಗಿರಬೇಕು. ಸರಾಸರಿಯೇ ಶೇ 80ಕ್ಕೆ ಇಳಿದರೆ ಕೆಳತುದಿ ಮಿತಿ ದಾಟಿ ಮಾತ್ರೆ ತಿರಸ್ಕೃತವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ 2,070 ಅಧ್ಯಯನಗಳ ಪರಿಶೀಲನೆಯಲ್ಲಿ ಒಟ್ಟು ಹೀರಿಕೆಯ ಸರಾಸರಿ ವ್ಯತ್ಯಾಸ ಕಂಡದ್ದು ಶೇ 3.5ರ ಆಸುಪಾಸು ಮಾತ್ರ.

ಸಂದೇಶವನ್ನು ನಂಬಿ ರಕ್ತದೊತ್ತಡದ ಮಾತ್ರೆಯನ್ನೇ ನಿಲ್ಲಿಸಿದ ಹಿರಿಯರೊಬ್ಬರನ್ನು ಕಂಡು ನೋವಾಯಿತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಫೆನಿಟಾಯಿನ್, ಟ್ಯಾಕ್ರೋಲಿಮಸ್‌ನಂತಹ, ರಕ್ತದಲ್ಲಿ ತುಸು ಏರುಪೇರಾದರೂ ತೊಂದರೆ ಕೊಡುವ ಔಷಧಗಳ ಬ್ರ್ಯಾಂಡ್ ಬದಲಿಸುವ ಮುನ್ನ ಮಾತ್ರ ವೈದ್ಯರನ್ನು ತಪ್ಪದೆ ಕೇಳಿ.